ಅಮೆರಿಕದಲ್ಲಿ ದೇಶದ ಭದ್ರತೆಗೆ ಬೆಲೆ ತೆತ್ತವರು ಯಾರು?

ಮಲೆನಾಡಿಗ

ಬೆಂಜಮಿನ್ ಫ್ರಾಂಕ್ಲಿನ್ ಅವರ ಒಂದು ಮಾತು ವಾಟ್ಸ್ಆ್ಯಪ್‌ನಲ್ಲಿ ಆಗಾಗ ತಿರುಗುತ್ತಿರುತ್ತದೆ. ಸ್ವಲ್ಪ ದಿನದ ಸುರಕ್ಷತೆಗೋಸ್ಕರ ಮುಖ್ಯವಾದ ಸ್ವಾತಂತ್ರ್ಯವನ್ನೇ ಬಿಟ್ಟುಕೊಡುವವರು ಎರಡಕ್ಕೂ ಯೋಗ್ಯರಲ್ಲ ಅಂತ. ಅದನ್ನು ಹಾಕುವವರಲ್ಲಿ ಜಾಸ್ತಿ ಜನಕ್ಕೆ ಹಿಂದಿನ ಕತೆ ಗೊತ್ತಿರಲ್ಲ. ಅವರು ಬರೆದದ್ದು 1755ರಲ್ಲಿ, ಪೆನ್ಸಿಲ್ವೇನಿಯಾ ಅಸೆಂಬ್ಲಿಯ ಪರವಾಗಿ ಗವರ್ನರ್‌ಗೆ. ಗಡಿಯಲ್ಲಿ ಯುದ್ಧ ನಡೀತಿತ್ತು, ದುಡ್ಡು ಬೇಕಿತ್ತು. ಆ ವಸಾಹತಿನ ಒಡೆಯರಾದ ಪೆನ್ ಕುಟುಂಬದ ಜಮೀನಿಗೂ ತೆರಿಗೆ ಹಾಕುತ್ತೇವೆ ಅಂತ ಅಸೆಂಬ್ಲಿ. ಆಗಲ್ಲ ಅಂತ ಗವರ್ನರ್. ರಕ್ಷಣೆಯ ಖರ್ಚು ಯಾರು ಹೊರಬೇಕು ಅನ್ನೋ ಜಗಳದಲ್ಲಿ ಹುಟ್ಟಿದ ಮಾತು ಅದು.

ನನ್ನ ಪ್ರಶ್ನೆಯೂ ಅದೇ. ಅಮೆರಿಕದ ಬಗ್ಗೆ ಮಾತಾಡುವವರೆಲ್ಲ ತಕ್ಕಡಿ ಹಿಡಿದುಕೊಂಡೇ ಬರುತ್ತಾರೆ. ಒಂದು ತಟ್ಟೆಯಲ್ಲಿ ಸ್ವಾತಂತ್ರ್ಯ, ಇನ್ನೊಂದರಲ್ಲಿ ಭದ್ರತೆ, ಎಲ್ಲರೂ ಸ್ವಲ್ಪ ಕೊಟ್ಟು ಸ್ವಲ್ಪ ತಗೊಳ್ತಾರೆ ಅನ್ನೋ ಹಾಗೆ. ಆದರೆ ಅಲ್ಲಿನ ಇತಿಹಾಸ ಓದಿದರೆ ಕೊಟ್ಟವರು ಒಬ್ಬರು, ತಗೊಂಡವರು ಇನ್ನೊಬ್ಬರು.

ಶುರುವಿನಿಂದಲೇ ನೋಡಿ. 1798ರಲ್ಲಿ ಫ್ರಾನ್ಸ್ ಜೊತೆ ಯುದ್ಧದ ಭಯ ಇತ್ತು. ಸೆಡಿಷನ್ ಕಾಯ್ದೆ ತಂದರು. ಸರ್ಕಾರ, ಕಾಂಗ್ರೆಸ್ (ಅಲ್ಲಿನ ಸಂಸತ್ತು), ಅಧ್ಯಕ್ಷರ ಮೇಲೆ ಸುಳ್ಳು, ದ್ವೇಷದ ಬರಹ ಬರೆದರೆ ಜೈಲು. ಉಪಾಧ್ಯಕ್ಷರ ಹೆಸರು ಮಾತ್ರ ಆ ಪಟ್ಟಿಯಲ್ಲಿ ಇಲ್ಲ! ಯಾಕೆಂದರೆ ಉಪಾಧ್ಯಕ್ಷರು ಥಾಮಸ್ ಜೆಫರ್ಸನ್, ಎದುರು ಪಕ್ಷದವರು. ಅವರನ್ನು ಎಷ್ಟು ಬೈದರೂ ದೇಶದ ಭದ್ರತೆಗೆ ಏನೂ ಆಗಲ್ಲ. ಕಾಯ್ದೆಯ ಅವಧಿ ಮುಗಿಯುವುದು 1801ರ ಮಾರ್ಚ್ 3ಕ್ಕೆ, ಅಂದರೆ ಅಧ್ಯಕ್ಷ ಜಾನ್ ಆಡಮ್ಸ್ ಅವಧಿಯ ಕೊನೇ ದಿನ. ಇದಕ್ಕಿಂತ ಬಿಡಿಸಿ ಹೇಳೋದು ಬೇಕಾ?

ಆಡಮ್ಸ್‌ಗೆ ಆಡಂಬರದ ಚಪಲ, ಹೊಗಳಿಕೆಯ ಚಪಲ ಅಂತ ಬರೆದ ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್‌ಗೆ ನಾಲ್ಕು ತಿಂಗಳು ಜೈಲು, 1000 ಡಾಲರ್ ದಂಡ. ಆತ ಜೈಲಿನಿಂದಲೇ ಚುನಾವಣೆಗೆ ನಿಂತು ಗೆದ್ದ ಅನ್ನೋದು ಬೇರೆ ವಿಷಯ.

ಕೋರ್ಟ್ ಹಾಲ್ 4

ಲಯನ್ ಕೇಸು ಸುಲಭದ್ದು ಸಾರ್. ಅಲ್ಲಿ ಭದ್ರತೆ ಬರೀ ನೆಪ. ಕಷ್ಟದ ಕೇಸು ಅಂದರೆ ಲಿಂಕನ್‌ದು.

1861ರ ಏಪ್ರಿಲ್. ದಕ್ಷಿಣದ ರಾಜ್ಯಗಳ ಬಂಡಾಯದಿಂದ ಅಂತರ್ಯುದ್ಧ ಶುರುವಾಗಿತ್ತು. ರಾಜಧಾನಿಗೆ ಹೊರಟಿದ್ದ ಮ್ಯಾಸಚೂಸೆಟ್ಸ್ ಸೈನಿಕರ ಮೇಲೆ ಬಾಲ್ಟಿಮೋರ್‌ನಲ್ಲಿ ಜನ ಮುಗಿಬಿದ್ದರು. ರೈಲು ಸೇತುವೆಗಳು ಸುಟ್ಟವು. ವಾಷಿಂಗ್ಟನ್‌ಗೆ ಉತ್ತರದಿಂದ ದಾರಿಯೇ ಇಲ್ಲ. ಕಾಂಗ್ರೆಸ್ ಅಧಿವೇಶನವೂ ಇರಲಿಲ್ಲ. ಆಗ ಲಿಂಕನ್ ಫಿಲಡೆಲ್ಫಿಯಾದಿಂದ ವಾಷಿಂಗ್ಟನ್ ತನಕದ ದಾರಿಯುದ್ದಕ್ಕೂ ಹೇಬಿಯಸ್ ಕಾರ್ಪಸ್ ತಡೆಹಿಡಿಯಲು ಸೇನೆಗೆ ಅಧಿಕಾರ ಕೊಟ್ಟರು. ಅಂದರೆ, ಹಿಡಿದವರನ್ನು ಕೋರ್ಟ್ ಮುಂದೆ ತಂದು ನಿಲ್ಲಿಸಬೇಕಿಲ್ಲ.

ಸೇತುವೆ ನಾಶದ ಆರೋಪದ ಮೇಲೆ ಜಾನ್ ಮೆರಿಮನ್ ಅನ್ನುವವನನ್ನು ಹಿಡಿದು ಫೋರ್ಟ್ ಮೆಕ್‌ಹೆನ್ರಿಯಲ್ಲಿಟ್ಟರು. ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ ಅವನನ್ನು ಹಾಜರುಪಡಿಸಿ ಅಂದರು. ಸೇನೆ ಒಪ್ಪಲಿಲ್ಲ. ಈ ಅಧಿಕಾರ ಅಧ್ಯಕ್ಷರಿಗಿಲ್ಲ ಅಂತ ಟಾನಿ ತೀರ್ಪು ಬರೆದರು. ಲಿಂಕನ್ ಕಿವಿಗೇ ಹಾಕಿಕೊಳ್ಳಲಿಲ್ಲ. ಜುಲೈ 4ರಂದು ಕಾಂಗ್ರೆಸ್‌ಗೆ ಕೇಳಿದ್ದು ಇಷ್ಟು: ಒಂದು ಕಾನೂನು ಮುರಿಯಬಾರದು ಅಂತ ಉಳಿದ ಎಲ್ಲ ಕಾನೂನೂ ಹಾಳಾಗಿ, ಸರ್ಕಾರವೇ ಚೂರಾಗಲಿ ಅಂತೀರಾ?

ಇದಕ್ಕೆ ಉತ್ತರ ಕೊಡೋದು ಅಷ್ಟು ಸುಲಭ ಅಲ್ಲ. ಅದರಲ್ಲೂ ಎದುರಿಗೆ ಸ್ವಾತಂತ್ರ್ಯದ ಪರ ಮಾತಾಡುತ್ತಿರುವ ಟಾನಿಯೇ 1857ರಲ್ಲಿ ಡ್ರೆಡ್ ಸ್ಕಾಟ್ ತೀರ್ಪು ಬರೆದು, ಕರಿಯರು ಈ ದೇಶದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಅಂದವರು.

ಐಎಎಸ್ ಆಸೆ

ಸಾರ್, ಹಾಗಾದರೆ ನಿಜವಾಗಿ ಆ ಅಧಿಕಾರ ಯಾರಿಗೆ? ಅಧ್ಯಕ್ಷರಿಗಾ, ಕಾಂಗ್ರೆಸ್‌ಗಾ?

ಕೋರ್ಟ್ ಹಾಲ್ 4

ಸಂವಿಧಾನದಲ್ಲಿ ಯಾರು ಅಂತ ಹೆಸರು ಹೇಳಿಲ್ಲ. ಬಂಡಾಯ ಅಥವಾ ದಾಳಿ ಆದಾಗ, ಸಾರ್ವಜನಿಕ ಸುರಕ್ಷತೆಗೆ ಬೇಕಾದರೆ ತಡೆಹಿಡಿಯಬಹುದು ಅಂತ ಇದೆ ಅಷ್ಟೇ. ಆದರೆ ಆ ಸಾಲು ಇರೋದು ಮೊದಲನೇ ವಿಧಿಯಲ್ಲಿ, ಅದು ಕಾಂಗ್ರೆಸ್‌ಗೆ ಸಂಬಂಧಪಟ್ಟದ್ದು. ಟಾನಿ ಹಿಡಿದದ್ದು ಅದನ್ನೇ. 1863ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಕಾಯ್ದೆ ಮಾಡಿ ಅಧ್ಯಕ್ಷರಿಗೆ ಅಧಿಕಾರ ಕೊಟ್ಟ ಮೇಲೆ ಜಗಳ ತಣ್ಣಗಾಯಿತು.

ಇನ್ನೊಂದು ಓದಿ. ಲ್ಯಾಂಬ್ಡಿನ್ ಮಿಲಿಗನ್, ಇಂಡಿಯಾನಾದವನು. 1864ರಲ್ಲಿ ಸೇನಾ ನ್ಯಾಯಮಂಡಳಿ ಅವನಿಗೆ ಗಲ್ಲು ವಿಧಿಸಿತು. ಇಂಡಿಯಾನಾದಲ್ಲಿ ಮಾಮೂಲಿ ಕೋರ್ಟುಗಳು ಆರಾಮಾಗಿ ನಡೀತಿದ್ದವು. 1866ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡಿಸಿತು. ಸಂವಿಧಾನ ಆಳುವವರಿಗೂ ಜನರಿಗೂ ಯುದ್ಧದಲ್ಲೂ ಶಾಂತಿಯಲ್ಲೂ ಒಂದೇ ಕಾನೂನು ಅಂತ ಬರೆದವರು ಡೇವಿಡ್ ಡೇವಿಸ್. ಲಿಂಕನ್ ಹಳೇ ಗೆಳೆಯ, 1860ರಲ್ಲಿ ಅವರಿಗೆ ಪಕ್ಷದ ಟಿಕೆಟ್ ಕೊಡಿಸಲು ಓಡಾಡಿದವರು, ಲಿಂಕನ್ನೇ ನೇಮಿಸಿದ ಜಡ್ಜ್.

ಕ್ಯಾಂಟೀನ್ ಕಾರ್ಡ್

1866. ಯುದ್ಧ ಮುಗಿದು ಒಂದು ವರ್ಷ. ತೀರ್ಪು ಬರೆಯೋಕೆ ಒಳ್ಳೇ ಟೈಮು.

ನಾನು ಸೇನೆಯಲ್ಲಿ ಇದ್ದವನು, ಸ್ವಲ್ಪ ಕಟುವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿರ್ಧಾರ ತಗೊಳ್ಳುವವನ ಕೈಯಲ್ಲಿ ಅರ್ಧಂಬರ್ಧ ಮಾಹಿತಿ ಇರುತ್ತದೆ. ನಾಳೆ ಬಾಂಬ್ ಬಿದ್ದರೆ ಜನ ಕೇಳೋದು ಅವನನ್ನು, ಜಡ್ಜನ್ನಲ್ಲ. ಪ್ರೊಫೆಸರ್‌ಗಳು ಎಂಬತ್ತು ವರ್ಷ ಆದ ಮೇಲೆ ಹಳೇ ಕಡತ ತೆಗೆದು ತಪ್ಪು ಹುಡುಕೋದು ಸುಲಭ.

ಸನಿವೇಲ್ ಕನ್ನಡತಿ

ಕ್ಯಾಂಟೀನ್ ಕಾರ್ಡ್ ಅವರೇ, ಒಂದು ಸಲ ಮಾಂಜಾನಾರ್‌ಗೆ ಹೋಗಿ ಬಂದು ಆಮೇಲೆ ಹೇಳಿ. ನಾವು ಹೋಗಿದ್ದೆವು. ಕ್ಯಾಲಿಫೋರ್ನಿಯಾದ 395ನೇ ಹೆದ್ದಾರಿ, ಒಂದು ಕಡೆ ಸಿಯೆರಾ ಬೆಟ್ಟಗಳು, ಮಿಕ್ಕಿದ್ದೆಲ್ಲ ಬಯಲು, ದೂಳು. ಪರ್ಲ್ ಹಾರ್ಬರ್ ಆದ ಮೇಲೆ, 1942ರ ಫೆಬ್ರವರಿ 19ಕ್ಕೆ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಅಂಗಡಿ ಬಿಡಿಸಿ ಹತ್ತು ಶಿಬಿರಗಳಲ್ಲಿಟ್ಟರು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಮಾಂಜಾನಾರ್ ಒಂದರಲ್ಲೇ ಹತ್ತು ಸಾವಿರ ಜನ.

ಬ್ಯಾರಕ್ಕುಗಳನ್ನು ಮತ್ತೆ ಕಟ್ಟಿ ತೋರಿಸಿದ್ದಾರೆ. ಒಂದು ಕೋಣೆ 20 ಅಡಿ ಅಗಲ, 25 ಅಡಿ ಉದ್ದ, ಅದರಲ್ಲಿ ಎಂಟು ಜನ. ಒಂದು ಎಣ್ಣೆ ಒಲೆ, ಒಂದು ಬಲ್ಬು, ಹುಲ್ಲು ತುಂಬಿದ ಹಾಸಿಗೆ. ಕುಟುಂಬ ಚಿಕ್ಕದಾದರೆ ಪರಿಚಯವೇ ಇಲ್ಲದವರ ಜೊತೆ ಇರಬೇಕು. ನನಗೆ ಜಾಸ್ತಿ ತಟ್ಟಿದ್ದು ಹೆಂಗಸರ ಶೌಚಾಲಯ. ಕಮೋಡುಗಳು ಸಾಲಾಗಿ ಇವೆ, ಮಧ್ಯೆ ಗೋಡೆಯೂ ಇಲ್ಲ, ಪರದೆಯೂ ಇಲ್ಲ. ಇದರಿಂದ ಯಾವ ದೇಶಕ್ಕೆ ಯಾವ ಭದ್ರತೆ ಬಂತು ಹೇಳಿ.

ಆಮೇಲೆ 1943ರಲ್ಲಿ ನಿಷ್ಠೆಯ ಪ್ರಶ್ನಾವಳಿ ಅಂತ ಒಂದು ಫಾರಂ ಕೊಟ್ಟರು. ಅದರ 28ನೇ ಪ್ರಶ್ನೆ, ಅಮೆರಿಕಕ್ಕೆ ಪೂರ್ತಿ ನಿಷ್ಠರಾಗಿದ್ದು ಜಪಾನ್ ಚಕ್ರವರ್ತಿಯ ನಿಷ್ಠೆ ಬಿಡ್ತೀರಾ? ಹಿರಿಯರಿಗೆ ಅಮೆರಿಕದ ಕಾನೂನೇ ಪೌರತ್ವ ಕೊಡುತ್ತಿರಲಿಲ್ಲ. ಹೌದು ಅಂದರೆ ಯಾವ ದೇಶದವರೂ ಅಲ್ಲ. ಇಲ್ಲ ಅಂದರೆ ದ್ರೋಹಿ. ಗ್ರೀನ್ ಕಾರ್ಡ್ ಲೈನಲ್ಲಿ ನಿಂತಿರೋ ನಮ್ಮಂಥವರು ಆ ಫಾರಂ ಮುಂದೆ ಸ್ವಲ್ಪ ಹೊತ್ತು ನಿಂತೇ ನಿಲ್ತಾರೆ.

ಕ್ಯಾಂಟೀನ್ ಕಾರ್ಡ್

ನೋವಿನ ಕತೆ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಭಯ ಸುಳ್ಳಲ್ಲ. ನೌಕಾಪಡೆಯ ಹಡಗುಗಳು ಮುಳುಗಿದಾಗ ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಒಬ್ಬೊಬ್ಬರನ್ನೇ ವಿಚಾರಿಸೋಕೆ ಟೈಮ್ ಎಲ್ಲಿತ್ತು?

ಮಲೆನಾಡಿಗ

ಹವಾಯಿ ನೋಡಿ. ಬಾಂಬ್ ಬಿದ್ದದ್ದು ಅಲ್ಲಿ. ಜನಸಂಖ್ಯೆಯ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜಪಾನಿ ಮೂಲದವರು. ಅಪಾಯ ನಿಜ ಆಗಿದ್ದರೆ ಮೊದಲು ಅಲ್ಲಿ ಖಾಲಿ ಮಾಡಿಸಬೇಕಿತ್ತು, ಅಲ್ವಾ? ಮಾಡಲಿಲ್ಲ. ಸೇನಾಡಳಿತ ಹೇರಿದರು, ಅದು ಎಲ್ಲರ ಮೇಲೂ. ಬಂಧಿಸಿದ್ದು ಜಪಾನಿ ಮೂಲದವರಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ. ಮಿಕ್ಕವರನ್ನೂ ಹಿಡಿದು ಹಾಕಿದ್ದರೆ ಬಂದರು, ತೋಟ, ಕಟ್ಟಡ ಕೆಲಸ ಎಲ್ಲ ನಿಂತು ಹೋಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅವರು ಕಮ್ಮಿ ಇದ್ದರು, ಅವರ ಹೊಲದ ಮೇಲೆ ಪಕ್ಕದವರ ಕಣ್ಣಿತ್ತು. ಬೆಲೆ ಯಾರು ತೆತ್ತರು ಅಂತ ನಾನು ಕೇಳಿದ್ದು ಇದಕ್ಕೇ.

ಕೋರ್ಟ್ ಹಾಲ್ 4

ಟೈಮ್ ಇರಲಿಲ್ಲ ಅನ್ನೋ ಮಾತಿಗೂ ಒಂದು ಚರಿತ್ರೆ ಇದೆ.

ಫ್ರೆಡ್ ಕೊರೆಮಾತ್ಸು, ಓಕ್ಲೆಂಡ್‌ನಲ್ಲಿ ಹುಟ್ಟಿದ ವೆಲ್ಡರ್. ಆದೇಶ ಮೀರಿ ಊರಲ್ಲೇ ಉಳಿದ. ಗುರುತು ಸಿಗದಿರಲಿ ಅಂತ ರೆಪ್ಪೆಗೆ ಸರ್ಜರಿ ಮಾಡಿಸಿಕೊಂಡ. 1942ರ ಮೇ 30ಕ್ಕೆ ಸಿಕ್ಕಿಬಿದ್ದ. 1944ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ 6–3ರಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಸರ್ಕಾರದ ವಾದ ಇದೇ, ನಿಷ್ಠರನ್ನು ಬೇರ್ಪಡಿಸಲು ಸಮಯ ಇರಲಿಲ್ಲ.

ಆದರೆ ಆ ಜನರನ್ನು ಸಾಗಿಸಿದ ಜನರಲ್ ಜಾನ್ ಡಿವಿಟ್ ತಮ್ಮ ವರದಿಯ ಮೊದಲ ಪ್ರತಿಯಲ್ಲಿ ಹಾಗೆ ಬರೆದೇ ಇರಲಿಲ್ಲ. ಸಮಯದ ಪ್ರಶ್ನೆಯೇ ಅಲ್ಲ, ಈ ಜನರಲ್ಲಿ ಒಳ್ಳೆಯವರನ್ನು ಬೇರ್ಪಡಿಸೋದು ಆಗದ ಕೆಲಸ ಅಂತ ಬರೆದಿದ್ದರು. ಕೋರ್ಟ್‌ನಲ್ಲಿ ಇದು ನಿಲ್ಲಲ್ಲ ಅಂತ ಯುದ್ಧ ಇಲಾಖೆಗೆ ಗೊತ್ತಾಯಿತು. ವರದಿ ತಿದ್ದಿಸಿ ಹಳೇ ಪ್ರತಿಗಳನ್ನು ಸುಡಿಸಿದರು. ಒಂದು ಪ್ರತಿ ಉಳಿದುಬಿಟ್ಟಿತ್ತು. 1982ರಲ್ಲಿ ರಾಷ್ಟ್ರೀಯ ದಾಖಲೆಗಾರದಲ್ಲಿ ಅದು ಸಿಕ್ಕಿದ್ದು ಐಕೊ ಹರ್ಜಿಗ್-ಯೊಶಿನಾಗಾ ಅನ್ನುವವರ ಕೈಗೆ. ಪ್ರೊಫೆಸರ್ ಅಲ್ಲ. ಕನ್ನಡತಿಯವರು ಹೇಳಿದ ಅದೇ ಮಾಂಜಾನಾರ್‌ಗೆ ಹದಿಹರೆಯದಲ್ಲಿ ಹೋದವರು. ಈ ಕಡತದ ಜೊತೆ ಕಾನೂನು ಇತಿಹಾಸಕಾರ ಪೀಟರ್ ಐರನ್ಸ್ ಹುಡುಕಿದ ಇತರ ದಾಖಲೆಗಳೂ ಸೇರಿ 1983ರ ನವೆಂಬರ್‌ನಲ್ಲಿ ಕೊರೆಮಾತ್ಸು ಶಿಕ್ಷೆ ರದ್ದಾಯಿತು. 1988ರಲ್ಲಿ ರೇಗನ್ ಸಹಿ ಹಾಕಿದ ಕಾಯ್ದೆ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಮತ್ತು ಕ್ಷಮೆ ಕೊಟ್ಟಿತು.

ಅರ್ಧಂಬರ್ಧ ಮಾಹಿತಿ ಇತ್ತು ಅಂತೀರಲ್ಲ. ಇಲ್ಲಿ ಮಾಹಿತಿ ಪೂರ್ತಿ ಇತ್ತು. ಕೋರ್ಟಿಗೆ ಕೊಡಲಿಲ್ಲ.

ಐಎಎಸ್ ಆಸೆ

ಕೊರೆಮಾತ್ಸು ತೀರ್ಪು ಬರೆದದ್ದು ಹ್ಯೂಗೋ ಬ್ಲ್ಯಾಕ್ ಅಂತ ಓದಿದೆ. ವಿಯೆಟ್ನಾಂ ಯುದ್ಧದ ಗುಟ್ಟಿನ ಕಡತ ಅಚ್ಚಾದ ಪೆಂಟಗನ್ ಪೇಪರ್ಸ್ ಕೇಸಲ್ಲಿ ಪತ್ರಿಕೆಗಳ ಪರ ಬರೆದ ಅದೇ ಬ್ಲ್ಯಾಕಾ?

ಕೋರ್ಟ್ ಹಾಲ್ 4

ಅದೇ ಬ್ಲ್ಯಾಕ್. 1971ರಲ್ಲಿ ಭದ್ರತೆ ಅನ್ನೋದು ತೀರಾ ವಿಶಾಲ, ಅಸ್ಪಷ್ಟ ಮಾತು, ಅದನ್ನು ಮುಂದಿಟ್ಟು ಮಾತು, ಪತ್ರಿಕೆಗಳ ಸ್ವಾತಂತ್ರ್ಯ ಕೊಡುವ ಮೊದಲ ತಿದ್ದುಪಡಿಯನ್ನು ಬದಿಗೊತ್ತಬಾರದು ಅಂದರು. 1944ರಲ್ಲಿ ಅದೇ ಮಾತು ಅವರಿಗೆ ಸಾಕಷ್ಟು ಸ್ಪಷ್ಟವಾಗಿತ್ತು! ಕೊರೆಮಾತ್ಸುನಲ್ಲಿ ಭಿನ್ನಮತ ಬರೆದ ರಾಬರ್ಟ್ ಜಾಕ್ಸನ್ ಕತೆ ಇನ್ನೂ ಸ್ವಾರಸ್ಯ. ಇಂಥ ತತ್ವವನ್ನು ಕೋರ್ಟ್ ಒಪ್ಪಿದರೆ ಅದು ಗುಂಡು ತುಂಬಿದ ಬಂದೂಕಿನ ಹಾಗೆ ಬಿದ್ದಿರುತ್ತದೆ, ತುರ್ತು ಅಂತ ಹೇಳಿಕೊಂಡು ಬಂದ ಯಾವ ಅಧಿಕಾರಿಯೂ ಎತ್ತಿಕೊಳ್ಳಬಹುದು ಅಂತ ಬರೆದವರು ಅವರು. ಐದೇ ವರ್ಷದಲ್ಲಿ, 1949ರ ಟರ್ಮಿನಿಯೆಲ್ಲೋ ಕೇಸಲ್ಲಿ, ಹಕ್ಕುಗಳ ಪಟ್ಟಿಯನ್ನು ಆತ್ಮಹತ್ಯೆಯ ಒಪ್ಪಂದ ಮಾಡಬೇಡಿ ಅಂತ ಬರೆದವರೂ ಅವರೇ. ಈಗ ಎರಡು ಕಡೆಯವರೂ ಜಾಕ್ಸನ್ ಹೆಸರು ಹೇಳುತ್ತಾರೆ.

ಎಡಿಸನ್ ಎಂಜಿನಿಯರ್

ನ್ಯೂಜೆರ್ಸಿಯಿಂದ. 2001ರ ನಂತರದ್ದನ್ನೂ ಸೇರಿಸಿ. ಸೆಪ್ಟೆಂಬರ್ 11ರ ದಾಳಿ ಆಗಿ ನಾಲ್ಕೇ ದಿನಕ್ಕೆ ಅರಿಜೋನಾದ ಮೇಸಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಅವರನ್ನು ಅವರ ಪೆಟ್ರೋಲ್ ಬಂಕ್ ಎದುರೇ ಗುಂಡಿಟ್ಟು ಕೊಂದರು. ಪೇಟ, ಗಡ್ಡ ನೋಡಿ. ಆರು ವಾರದಲ್ಲಿ ಸರ್ಕಾರದ ಕಣ್ಗಾವಲಿನ ಅಧಿಕಾರ ಹೆಚ್ಚಿಸಿದ ಪೇಟ್ರಿಯಟ್ ಕಾಯ್ದೆ. ಸೆನೆಟ್‌ನಲ್ಲಿ 98–1. ಆ ಒಬ್ಬರು ವಿಸ್ಕಾನ್ಸಿನ್‌ನ ರಸ್ ಫೈನ್‌ಗೋಲ್ಡ್.

2002ರಲ್ಲಿ ವಿಶೇಷ ನೋಂದಣಿ ಬಂತು. 25 ದೇಶಗಳ ಗಂಡಸರು ಇಮಿಗ್ರೇಷನ್ ಆಫೀಸಿಗೆ ಹೋಗಿ ಬೆರಳಚ್ಚು, ಫೋಟೊ ಕೊಡಬೇಕು. ಉತ್ತರ ಕೊರಿಯಾ ಬಿಟ್ಟರೆ ಎಲ್ಲವೂ ಮುಸ್ಲಿಮರು ಹೆಚ್ಚಿರುವ ದೇಶಗಳು. ಪಾಕಿಸ್ತಾನ, ಬಾಂಗ್ಲಾದೇಶ ಇತ್ತು, ಭಾರತ ಇರಲಿಲ್ಲ. 80,000ಕ್ಕೂ ಹೆಚ್ಚು ಜನ ಹೋಗಿ ಸಾಲಿನಲ್ಲಿ ನಿಂತರು. ತಾವಾಗೇ ಬಂದವರಲ್ಲಿ ಸಾವಿರಾರು ಜನರ ಮೇಲೆ ಗಡೀಪಾರು ಕೇಸು ಹಾಕಿದರು. ಭಯೋತ್ಪಾದಕ ಅಂತ ಒಬ್ಬನಿಗೂ ಶಿಕ್ಷೆ ಆಗಲಿಲ್ಲ. ಪಟ್ಟಿಯಲ್ಲಿ ನಮ್ಮ ದೇಶ ಇಲ್ಲದಿದ್ದಕ್ಕೆ ಈ ಕಡೆ ಬಹಳ ಜನಕ್ಕೆ ಈ ಸಂಗತಿ ಗೊತ್ತೇ ಇಲ್ಲ. ಪಕ್ಕದ ಕ್ಯೂಬಿಕಲ್‌ನವರನ್ನು ಕೇಳಿದರೆ ಹೇಳುತ್ತಾರೆ.

ಕ್ಯಾಂಟೀನ್ ಕಾರ್ಡ್

ಸರಿ, ಇನ್ನೊಂದು ಮುಖವನ್ನೂ ಹೇಳ್ತೀನಿ. ಹೈಜಾಕ್ ಮಾಡಿದವರಲ್ಲಿ ಇಬ್ಬರು, ಮಿಹ್ದಾರ್ ಮತ್ತು ಹಜ್ಮಿ, ಅಮೆರಿಕಕ್ಕೆ ಬಂದಿದ್ದು ಸಿಐಎಗೆ ಗೊತ್ತಿತ್ತು. ಎಫ್‌ಬಿಐಗೆ ಹೊತ್ತಿಗೆ ಸರಿಯಾಗಿ ಹೇಳಲಿಲ್ಲ. ಗೂಢಚಾರಿಕೆಯ ಮಾಹಿತಿ ಕ್ರಿಮಿನಲ್ ತನಿಖೆಗೆ ಸೋರಬಾರದು ಅಂತ ಮಧ್ಯೆ ಒಂದು ಗೋಡೆ ಎಬ್ಬಿಸಿದ್ದರು. ಆ ಗೋಡೆ ಬಂದದ್ದು ನಿಮ್ಮ ಸುಧಾರಣೆಗಳಿಂದಲೇ. 2001ರ ಆಗಸ್ಟ್‌ನಲ್ಲಿ ಮಿನೆಸೋಟಾದಲ್ಲಿ ವಿಮಾನ ಹಾರಿಸೋದು ಕಲಿಯುತ್ತಿದ್ದ ಮುಸಾವಿ ಅನ್ನುವವನು ಸಿಕ್ಕಿಬಿದ್ದ. ಅವನ ಲ್ಯಾಪ್‌ಟಾಪ್ ತೆರೆಯೋಕೆ ವಾರಂಟ್ ಕೇಳಲು ಮುಖ್ಯ ಕಚೇರಿ ಹಿಂದೇಟು ಹಾಕಿತು. ಸತ್ತವರು 2,977. ಅವರೂ ಬೆಲೆ ತೆತ್ತವರೇ. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಮಲೆನಾಡಿಗ

ಈ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿ ವಾದ ಇದು. ಆದರೆ ಆ ಗೋಡೆ ಯಾಕೆ ಬಂತು ಅಂತಲೂ ಹೇಳಬೇಕು.

1971ರ ಮಾರ್ಚ್ 8ರ ರಾತ್ರಿ. ಅಲಿ–ಫ್ರೇಜಿಯರ್ ಬಾಕ್ಸಿಂಗ್. ಇಡೀ ದೇಶ ರೇಡಿಯೊ ಮುಂದೆ ಕೂತಿತ್ತು. ಪೆನ್ಸಿಲ್ವೇನಿಯಾದ ಮೀಡಿಯಾ ಅನ್ನೋ ಊರಿನ ಎಫ್‌ಬಿಐ ಕಚೇರಿಗೆ ಎಂಟು ಜನ ಕನ್ನ ಹಾಕಿದರು. ಮುಂದಾಳು ಭೌತಶಾಸ್ತ್ರದ ಪ್ರೊಫೆಸರ್. ಒಬ್ಬಾಕೆ ಮುಂಚೆಯೇ ಕಾಲೇಜು ವಿದ್ಯಾರ್ಥಿನಿಯ ವೇಷದಲ್ಲಿ ಹೋಗಿ, ಎಫ್‌ಬಿಐನಲ್ಲಿ ಹೆಂಗಸರಿಗೆ ಏನು ಕೆಲಸ ಇದೆ ಅಂತ ಸಂದರ್ಶನ ಮಾಡುವ ನೆಪದಲ್ಲಿ ಕಚೇರಿಯನ್ನೆಲ್ಲ ನೋಡಿಕೊಂಡು ಬಂದಿದ್ದರು. ಕಡತಗಳನ್ನೆಲ್ಲ ಸೂಟ್‌ಕೇಸಿಗೆ ತುಂಬಿಕೊಂಡು ಹೋಗಿ ಪತ್ರಿಕೆಗಳಿಗೆ ಕಳಿಸಿದರು. ಅವರು ಸಿಗಲೇ ಇಲ್ಲ. ಒಂದು ಕಡತದಲ್ಲಿ, ಪ್ರತಿ ಅಂಚೆ ಡಬ್ಬಿ ಹಿಂದೆಯೂ ಎಫ್‌ಬಿಐನವನಿದ್ದಾನೆ ಅಂತ ಚಳವಳಿಗಾರರಿಗೆ ಅನ್ನಿಸುವ ಹಾಗೆ ವಿಚಾರಣೆ ಜಾಸ್ತಿ ಮಾಡಿ ಅಂತ ಇತ್ತು. ಇನ್ನೊಂದರಲ್ಲಿ ಕೋಇಂಟೆಲ್‌ಪ್ರೊ ಅನ್ನೋ ಹೆಸರು. ಮಾರ್ಟಿನ್ ಲೂಥರ್ ಕಿಂಗ್‌ಗೆ ಅನಾಮಧೇಯ ಪತ್ರ ಬರೆದು ಸಾಯೋಕೆ ಪ್ರೇರೇಪಿಸಿದ ಕಾರ್ಯಕ್ರಮ ಅದು. ಇವೆಲ್ಲ ಹೊರಬಂದ ಮೇಲೆ ಗೂಢಚಾರ ಸಂಸ್ಥೆಗಳನ್ನು ತನಿಖೆ ಮಾಡಿದ ಸೆನೆಟರ್ ಫ್ರ್ಯಾಂಕ್ ಚರ್ಚ್ ಸಮಿತಿ, ಗೂಢಚಾರಿಕೆಯ ಕದ್ದಾಲಿಕೆಗೆ ನಿಯಮ ಹಾಕಿದ 1978ರ ಫೈಸಾ ಕಾಯ್ದೆ, ಅದಕ್ಕೆ ಅನುಮತಿ ಕೊಡುವ ಗುಪ್ತ ಕೋರ್ಟ್, ಆಮೇಲೆ ಆ ಗೋಡೆ.

ಮಿಹ್ದಾರ್, ಹಜ್ಮಿ ವಿಷಯದಲ್ಲಿ ಹೆಸರು ಗೊತ್ತಿತ್ತು, ಫೈಲ್ ಪಕ್ಕದ ಟೇಬಲ್‌ಗೆ ಹೋಗಲಿಲ್ಲ. ಅದಕ್ಕೆ ಮದ್ದು ಅಂತ ಮಾಡಿದ್ದು ಏನು? ಎಲ್ಲ ಅಮೆರಿಕನ್ನರ ಫೋನ್ ದಾಖಲೆ ಗುಡ್ಡೆ ಹಾಕಿದ್ದು. 2013ರಲ್ಲಿ ಗೂಢಚಾರ ಸಂಸ್ಥೆಯ ಗುತ್ತಿಗೆ ಕೆಲಸದಲ್ಲಿದ್ದ ಸ್ನೋಡೆನ್ ಇದನ್ನು ಬಯಲು ಮಾಡಿದ ಮೇಲೆ ಸರ್ಕಾರದ್ದೇ ಖಾಸಗಿತನದ ಮಂಡಳಿ ಪರಿಶೀಲಿಸಿ, ಭಯೋತ್ಪಾದನೆಯ ಒಂದು ತನಿಖೆಯಲ್ಲೂ ಇದರಿಂದ ಫಲಿತಾಂಶ ಬದಲಾದ ಉದಾಹರಣೆ ಸಿಗಲಿಲ್ಲ ಅಂತ 2014ರಲ್ಲಿ ಬರೆಯಿತು. 2015ರಲ್ಲಿ ಅದನ್ನು ನಿಲ್ಲಿಸಿದರು.

ಐಎಎಸ್ ಆಸೆ

ತುರ್ತು ಪರಿಸ್ಥಿತಿಯಲ್ಲಿ ಹೇಬಿಯಸ್ ಕಾರ್ಪಸ್ ಕೇಳೋ ಹಾಗಿಲ್ಲ ಅಂದ ನಮ್ಮ 1976ರ ಎಡಿಎಂ ಜಬಲ್ಪುರ್ ತೀರ್ಪೂ ಇದೇ ತರಹ ಅಲ್ವಾ? ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ.

ಕೋರ್ಟ್ ಹಾಲ್ 4

ಹೌದು. ಅದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ, ನಮ್ಮ ಹೈಕೋರ್ಟ್‌ನಲ್ಲೇ ಜಡ್ಜ್ ಆಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರ ಕೇಸಲ್ಲಿ. ಅಮೆರಿಕದವರು ಕೊರೆಮಾತ್ಸು ತಪ್ಪು ಅಂದದ್ದು ಮರುವರ್ಷ, 2018. ಅದೂ ಹೇಗೆ? ಹೆಚ್ಚಾಗಿ ಮುಸ್ಲಿಂ ದೇಶಗಳವರು ಬರದಂತೆ ಟ್ರಂಪ್ ಹಾಕಿದ ಪ್ರಯಾಣ ನಿಷೇಧವನ್ನು ಎತ್ತಿಹಿಡಿದ ಅದೇ ತೀರ್ಪಿನಲ್ಲಿ. ಜಡ್ಜ್ ಸೋನಿಯಾ ಸೊಟೊಮೇಯರ್ ಭಿನ್ನಮತದಲ್ಲಿ ಅದನ್ನೇ ಎತ್ತಿ ಆಡಿದರು.

ಮಲೆನಾಡಿಗರು ಹೇಳಿದ 1798ಕ್ಕೂ ಒಂದು ಬಾಲ ಇದೆ. ಸೆಡಿಷನ್ ಕಾಯ್ದೆ ಸತ್ತಿತು, ಅದರ ಜೊತೆ ಬಂದ ಶತ್ರುದೇಶದ ಪ್ರಜೆಗಳ ಕಾಯ್ದೆ ಸಾಯಲಿಲ್ಲ. ಅದಕ್ಕೆ ಕೊನೇ ದಿನಾಂಕವೇ ಇರಲಿಲ್ಲ. 2025ರ ಮಾರ್ಚ್‌ನಲ್ಲಿ ಅದನ್ನೇ ತೆಗೆದು ನೂರಕ್ಕೂ ಹೆಚ್ಚು ವೆನೆಜುವೆಲಾದವರನ್ನು ಎಲ್ ಸಾಲ್ವಡಾರ್ ಜೈಲಿಗೆ ವಿಮಾನದಲ್ಲಿ ಕಳಿಸಿದರು. ಮುಂದಿನ ತಿಂಗಳು ಸುಪ್ರೀಂ ಕೋರ್ಟ್, ಕಳಿಸುವ ಮುಂಚೆ ನೋಟಿಸ್ ಕೊಡಬೇಕು, ಹೇಬಿಯಸ್ ಕಾರ್ಪಸ್‌ಗೆ ಅವಕಾಶ ಬೇಕು ಅಂದಿತು. ವಿಮಾನ ಆಗಲೇ ಇಳಿದಿತ್ತು.

ಕ್ಯಾಂಟೀನ್ ಕಾರ್ಡ್

ಕೊನೇ ದಿನಾಂಕ ಇರಬೇಕು ಅನ್ನೋದನ್ನ ನಾನೂ ಒಪ್ತೀನಿ. 

ಸನಿವೇಲ್ ಕನ್ನಡತಿ

ಒಂದು ಡೌಟು. ನಾನು ದಿನಾ ಮೈಸೂರಿನಲ್ಲಿರುವ ಅಮ್ಮನಿಗೆ ವಿಡಿಯೊ ಕಾಲ್ ಮಾಡ್ತೀನಿ. ಫೈಸಾ ಕಾಯ್ದೆಯ 702ನೇ ಸೆಕ್ಷನ್ ಅಂತಾರಲ್ಲ, ಅದರಲ್ಲಿ ಅಮ್ಮನಿಗೆ ಏನಾದರೂ ರಕ್ಷಣೆ ಇದೆಯಾ?

ಕೋರ್ಟ್ ಹಾಲ್ 4

ಹೆಚ್ಚೇನಿಲ್ಲ ಮೇಡಂ. ಆ ಸೆಕ್ಷನ್ ಇರೋದೇ ಹೊರದೇಶದಲ್ಲಿರುವ ವಿದೇಶಿಯರನ್ನು ಗುರಿ ಮಾಡೋಕೆ. ಅದಕ್ಕೆ ಒಬ್ಬೊಬ್ಬರಿಗೆ ಬೇರೆ ವಾರಂಟ್ ಬೇಡ. ವಿದೇಶಿಯರ ಹೊರದೇಶದ ಆಸ್ತಿಯನ್ನು ಹುಡುಕಲು, ಮನಬಂದಂತೆ ಶೋಧ ಮಾಡಬಾರದು ಅನ್ನೋ ನಾಲ್ಕನೇ ತಿದ್ದುಪಡಿ ಅಡ್ಡ ಬರಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಅಮ್ಮನ ಮೇಲೆ ಅವರ ಕಣ್ಣು ಬೀಳೋಕೆ ಗೂಢಚಾರಿಕೆಗೆ ಸಂಬಂಧಪಟ್ಟ ಕಾರಣ ಇರಬೇಕು, ಸುಮ್ನೆ ಯಾರನ್ನೋ ಹಿಡಿಯಲ್ಲ. ಆದರೆ ಗುರಿಯಾದ ವಿದೇಶಿಯ ಜೊತೆ ನೀವು ಮಾತಾಡಿದ್ದರೆ ನಿಮ್ಮ ಮಾತೂ ಅಲ್ಲಿ ಸೇರುತ್ತದೆ. ಆಮೇಲೆ ಎಫ್‌ಬಿಐ ಆ ರಾಶಿಯಲ್ಲಿ ಅಮೆರಿಕನ್ನರ ಹೆಸರು ಹಾಕಿ ಹುಡುಕಬಹುದು.

ಜಗಳ ಇರೋದು ಆ ಕೊನೇ ಹೆಜ್ಜೆಗೆ ವಾರಂಟ್ ಬೇಕಾ ಬೇಡವಾ ಅನ್ನೋದರಲ್ಲಿ ಮಾತ್ರ. 2024ರ ಏಪ್ರಿಲ್‌ನಲ್ಲಿ ವಾರಂಟ್ ಬೇಕು ಅನ್ನೋ ತಿದ್ದುಪಡಿ ಕಾಂಗ್ರೆಸ್‌ನ ಕೆಳಮನೆ ಹೌಸ್‌ನಲ್ಲಿ ಮತಕ್ಕೆ ಬಂತು. 212–212. ಸಮ ಆದರೆ ಸೋತ ಹಾಗೆ. ಎರಡೂ ಪಕ್ಷದವರು ಎರಡೂ ಕಡೆ ಇದ್ದರು. ಸೆಕ್ಷನ್ನನ್ನು ಎರಡು ವರ್ಷಕ್ಕೆ ಮುಂದುವರಿಸಿದರು. ಮೈಸೂರಿನಲ್ಲಿರುವವರ ಪರವಾಗಿ ತಿದ್ದುಪಡಿ ಯಾರೂ ತಂದಿರಲಿಲ್ಲ.